ಹೊಸ ಕಂಪ್ಯೂಟರಿನಲ್ಲಿ ಅರಬ್ಬಿ

ಚಾಮರಾಜಪುರಂನ ನಮ್ಮ ಟೈಪಿಂಗ್ ಅಂಗಡಿಗೆ ಅರಬ್ ದೇಶಗಳ ವಿದ್ಯಾರ್ಥಿಗಳು ಪ್ರಬಂಧ ಟೈಪ್ ಮಾಡಿಸಲು ಬರುತ್ತಾರೆ. ಭಾಷೆ ಬಾರದಿದ್ದರೂ ಅಕ್ಷರ ಕಲಿತು, ಕೀಬೋರ್ಡ್ ನೋಡದೆ ಅರಬ್ಬಿ ಹೊಡೆಯುತ್ತಿದ್ದವಳು ನಾನು. ಮಾಲೀಕರು ಬೇರೆ ಕಂಪನಿಯ ಕಂಪ್ಯೂಟರ್ ತಂದರು ನೋಡಿ, ಅದರ ಅರಬ್ಬಿ ಕೀಬೋರ್ಡಿನಲ್ಲಿ ಎಷ್ಟೋ ಅಕ್ಷರಗಳು ಜಾಗ ಬದಲಿಸಿದ್ದವು. ಸಾಲಿಗೊಂದು ತಪ್ಪು ಬರತೊಡಗಿತು.

“ಅಭ್ಯಾಸ ಮಾಡ್ಕೊಳಮ್ಮ. ಆಗಲ್ಲ ಅಂದ್ರೆ ಅರಬ್ಬಿ ಕೆಲಸ ಹೊರಗೆ ಕೊಟ್ಬುಡ್ತೀನಿ,” ಎಂದರು ಮಾಲೀಕರು.

“ನನ್ನ ಕೈ ಸರಿಯಾಗೇ ಇದೆ ಸಾರ್. ಈ ಮಿಷನ್ನೇ ಅಭ್ಯಾಸ ಮಾಡ್ಕೊಳ್ಳಲಿ,” ಎಂದೆ.

ಪ್ರಬಂಧ ತಂದಿದ್ದ ಯೆಮೆನ್ ದೇಶದ ಸಂಶೋಧಕ ಪಕ್ಕದಲ್ಲೇ ಕೂತಿದ್ದ. ಇಲ್ಲಿಗೆ ಬಂದು ಕನ್ನಡ ಕಲಿತವನು. ನಗುತ್ತಾನೆ ಅಂದುಕೊಂಡರೆ, “ನನ್ನ ಲ್ಯಾಪ್‌ಟಾಪೂ ಇದೇ ಕಂಪನೀದು ಅಕ್ಕ. ನಾನೂ ಒಗ್ಗಿಕೊಳ್ಳಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹಳೇ ಕೀಬೋರ್ಡಿನ ಅಕ್ಷರ ಜೋಡಣೇನೇ ಹಾಕ್ಕೊಂಡ್ಬುಟ್ಟೆ,” ಎಂದು ಜಾಗ ತೋರಿಸಿದ. ನಾನೂ ಹಾಕಿಕೊಂಡೆ. ಬೆರಳುಗಳು ಸರಾಗವಾಗಿ ಓಡಿದವು.

ಮಾಲೀಕರು ಬಗ್ಗಿ ನೋಡಿ, “ಕೀ ಮೇಲಿರೋ ಅಕ್ಷರ ಒಂದು, ಬರ್ತಿರೋದು ಇನ್ನೊಂದು!” ಎಂದರು.

“ಕೀ ನೋಡ್ಬೇಡಿ ಸಾರ್, ಸ್ಕ್ರೀನ್ ನೋಡಿ.”

ಅರಬ್ಬಿ ಕೆಲಸ ನನ್ನ ಬಳಿಯೇ ಉಳಿಯಿತು. ಆ ಕೀಬೋರ್ಡಿನಲ್ಲಿ ಅರಬ್ಬಿ ಹೊಡೆಯುವ ಧೈರ್ಯ ಅಂಗಡಿಯಲ್ಲಿ ಬೇರೆ ಯಾರಿಗೂ ಇಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ.