ಎಣ್ಣೆ ಹಾಕುವವರು ಯಾರು?

ಮೊಣಕೈತನಕ ಬಟ್ಟೆ ಸೋಪಿನ ನೊರೆ, ಉಗುರಿನ ಸಂದಿಯಲ್ಲಿ ಬೇವಿನ ಕಡ್ಡಿ. ಪಂಪು ಬಿಚ್ಚುವ ಮೊದಲು ಫಿಟ್ಟರಣ್ಣ ಹೀಗೆ ಕೈ ತೊಳೆಯುತ್ತಿದ್ದರು. ಕೆಲಸ ಮುಗಿದ ಮೇಲೆ ತೊಳೆದುಕೊಳ್ಳುವ ಮೆಕ್ಯಾನಿಕ್‌ಗಳನ್ನೇ ನೋಡಿದ್ದ ನನಗೆ ಮೊದಲ ಸಲ ನಗು ಬಂತು. "ಆಮೇಕೆ ತೊಳ್ಕಳದು ನನ್ ಊಟಕ್ಕೆ ಕಣ್ಲಾ. ಮೊದ್ಲು ತೊಳ್ಕಳದು ಅದ್ರ ಊಟಕ್ಕೆ," ಎಂದು ಪಂಪಿನ ಕಡೆ ಗದ್ದ ಎತ್ತಿದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜನಗರದಲ್ಲಿ ನನ್ನದು ಗುಜರಿ ಅಂಗಡಿ, ಅದರ ಹಿಂದಿನ ಓಣಿಯಲ್ಲಿ ಅವರ ತಗಡಿನ ಶೆಡ್ಡು. ಸಣಕಲು ಆಳು, ಮೂಗಿನ ತುದಿಯಲ್ಲಿ ಕೋಪ. "ಈ ಸೀಮೆಲಿ ಪಂಪು ಬಿಚ್ಚೋರು ಊರಿಗೆ ಹತ್ತು ಜನ ಅವ್ರೆ. ಮುಚ್ಚೋನು ನಾನೊಬ್ನೆ," ಎಂದು ಯಾರೂ ಕೇಳದಿದ್ದರೂ ಹೇಳುವರು. ಇಷ್ಟು ಜಂಬ ಇದ್ದವರಿಗೆ ಕೂಲಿ ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಹಾಗಾಗಿ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಅವರ ಪರವಾಗಿ ಚೌಕಾಸಿ ನಾನು ಮಾಡುವುದು, ನನಗೆ ಯಂತ್ರದ ಒಳಗುಟ್ಟು ಅವರು ಹೇಳಿಕೊಡುವುದು.

ಆ ಹೊತ್ತಿಗೆ ನನಗೆ ಒಂದು ಆಸೆ ಹತ್ತಿತ್ತು. ಹಳೆಯ ಯಂತ್ರಗಳನ್ನು ಒಡೆದು ತೂಕಕ್ಕೆ ಹಾಕುವ ಬದಲು ಇಡಿಯಾಗಿ ಮಾರಬೇಕು, ಗುಜರಿಯವನು ಎಂಬ ಹೆಸರು ಅಳಿಸಬೇಕು. ಮುಚ್ಚಿಹೋದ ಒಂದು ಪಿಂಗಾಣಿ ಕಾರ್ಖಾನೆಯಲ್ಲಿ ಡಯಾಫ್ರಮ್ ಪಂಪು ಸಿಕ್ಕಿತು. ವ್ಯಾಪಾರ ಕುದುರಿದ ಮೇಲೆ ಕೊಸರು ಕೇಳುವುದು ನನ್ನ ಚಾಳಿ. ಅಲ್ಲಿಯೂ ಕೇಳಿದೆ. ಪಂಪಿನ ಜೊತೆ ಹೊಸ ಡಯಾಫ್ರಮ್, ಅಂದರೆ ಅದರೊಳಗಿನ ರಬ್ಬರ್ ಪರದೆ, ಒಂದನ್ನು ಹಾಕಿಕೊಟ್ಟರು. ಹಳೇ ಯಂತ್ರ ಕೊಳ್ಳುವವರಿಗೆ ನನ್ನದೊಂದು ಮಾತು: ಬೆಲೆ ಇಳಿಸಲು ಗಂಟಲು ಹರಿದುಕೊಳ್ಳಬೇಡಿ, ಬಿಡಿಭಾಗ ಕೇಳಿ. ದುಡ್ಡು ಬಿಡದವನೂ ಮೂಲೆಯಲ್ಲಿ ಬಿದ್ದ ಸಾಮಾನು ಬಿಟ್ಟುಕೊಡುತ್ತಾನೆ.

ಆ ಪಂಪಿನ ಕೆಲಸವನ್ನು ಫಿಟ್ಟರಣ್ಣ ನನಗೆ ತಿಳಿಸಿದ್ದು ಹೀಗೆ. ಪಿಸ್ಟನ್ ಕೊಳಕು ನೀರನ್ನು ಮುಟ್ಟುವುದೇ ಇಲ್ಲ. ಅದು ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ರಬ್ಬರ್ ಪರದೆಯನ್ನು ತಳ್ಳುತ್ತದೆ, ಪರದೆ ಆಚೆ ಬದಿಯ ನೀರನ್ನು ತಳ್ಳುತ್ತದೆ. "ಎಣ್ಣೆ ಅನ್ನದು ದಲ್ಲಾಳಿ ಕಣ್ಲಾ, ನಿನ್ನಂಗೆ. ಇವನ ಮಾತ ಅವನ್ಗೆ ಸರ್ಯಾಗಿ ಮುಟ್ಟುಸ್ಬೇಕು. ನಡುವೆ ಗಾಳಿ ಸೇರ್ಕಂತೋ, ಯಾಪಾರ ಕೆಟ್ಟೋಯ್ತದೆ."

ಗುಂಡ್ಲುಪೇಟೆಯ ಹೊರಗಿದ್ದ ಒಂದು ಚೆಂಡುಹೂವಿನ ಕಾರ್ಖಾನೆಗೆ ಆ ಪಂಪನ್ನು ಮಾರಿದೆ. ಹೂವು ಹಿಂಡಿದಾಗ ಬರುವ ಕಪ್ಪು ನೀರು ಒಂದು ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಅದನ್ನು ಸೋಸುವ ಯಂತ್ರಕ್ಕೆ ಒತ್ತಿ ಕಳಿಸುವುದು ಪಂಪಿನ ಕೆಲಸ. ನಾನು ಇಡಿಯಾಗಿ ಮಾರಿದ ಮೊದಲ ಯಂತ್ರ. ಓಡಿದರೆ ನಾನು ಯಂತ್ರದ ವ್ಯಾಪಾರಿ, ನಿಂತರೆ ಮತ್ತೆ ಗುಜರಿಯವನು.

ಹೂವಿನ ಸುಗ್ಗಿಯ ನಡುವೆಯೇ ಅದು ನಿಂತಿತು.

ಫಿಟ್ಟರಣ್ಣನನ್ನು ಬಸ್ಸು ಹತ್ತಿಸಿಕೊಂಡು ಹೋದೆ. ಗೇಟಿನ ಹೊರಗೆ ಹಂಗಳದ ಕಡೆಯ ಟ್ರ್ಯಾಕ್ಟರುಗಳು ಹೂವು ಹೇರಿಕೊಂಡು ಸಾಲಾಗಿ ನಿಂತಿದ್ದವು. ಒಳಗೆ ತೊಟ್ಟಿ ತುಂಬಿ ತುಳುಕುತ್ತಿತ್ತು. ಅದು ಹರಿದರೆ ಪಕ್ಕದ ಜಮೀನಿನ ಬಾವಿಗೇ. ಹಾಗಾಗಿ ಹಿಂಡುವ ಯಂತ್ರ ನಿಲ್ಲಿಸಿದ್ದರು.

"ಗುಜರಿ ಮಾಲು ತಂದು ನಮ್ಮ ತಲೆಗೆ ಕಟ್ಟಿದ್ದೀರಲ್ರೀ," ಎಂದ ಸೂಪರ್‌ವೈಸರ್. "ಸಂಜೆಯೊಳಗೆ ಓಡಲಿಲ್ಲ ಅಂದ್ರೆ ಎತ್ಕೊಂಡ್ಹೋಗಿ. ಆಮೇಲೆ ಈ ಕಡೆ ಯಾವ ಕಾರ್ಖಾನೆ ಗೇಟಿಗೂ ನಿಮ್ಮನ್ನ ಸೇರಿಸದ ಹಾಗೆ ನೋಡ್ಕೋತೀನಿ."

ಸಂಜೆಯೊಳಗೆ ಓಡಿಸುತ್ತೇವೆ ಸಾರ್ ಎಂದು ನಾನು ಕೈ ಮುಗಿದೆ. ಫಿಟ್ಟರಣ್ಣ ಮಾತ್ರ ಒಂದು ಬಕೆಟ್ ನೀರು, ಸೋಪು ಕೇಳಿದರು.

"ಇದೇನ್ರೀ, ಪೂಜೆಗೆ ಬಂದಿದ್ದಾರಾ?"

"ಊಂ ಕಣಪ್ಪ. ಒಸಿ ಅತ್ಲಾಗಿ ನಿಂತ್ಕೊ, ಮೈಲಿಗೆ ಆಯ್ತದೆ."

ಕೈ ತೊಳೆದು ಪಂಪಿನ ಎಣ್ಣೆ ಬಸಿದರು. ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿ ಬಂತು. ಎಣ್ಣೆಗೆ ನೀರು ಸೇರಿತ್ತು. ಬೋಲ್ಟು ಬಿಚ್ಚಿ ತೆಗೆದರೆ ರಬ್ಬರ್ ಪರದೆ ನಡುಮಧ್ಯೆ ಸೀಳಿದೆ, ನೀರಿನ ಕಡೆಗೆ ಉಬ್ಬಿ ಸೀಳಿದೆ. ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಅಸ್ಕಂಡು ಸತ್ತಿಲ್ಲ ಇದು. ತಿಂದು ಸತ್ತದೆ. ಎಣ್ಣೆ ಆಕೋರು ಯಾರು?"

ಹಿಂದೆ ನಿಂತಿದ್ದ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸುತ್ತ ಮುಂದೆ ಬಂದಳು. "ನಾನೇ ಕಣಪ್ಪ. ದಿನಾ ಅಳ್ತೆ ಗೀಟಿನ ಗಂಟ ಆಕ್ತೀನಿ. ಆಮೇಕೆ ಒಸಿ ಕೊಸರು."

"ಕೊಸರಾ?"

"ಊಂ ಮತ್ತೆ. ಮೊದ್ಲು ಹಾಲ ಅಳ್ದು ಮಾರ್ತಿದ್ದೋಳು ನಾನು. ಬರೀ ಅಳ್ತೆ ಆಕಿ ಕೈ ಎತ್ತುದ್ರೆ ಮನ್ಸು ಒಪ್ಪದೆ? ಪಾಪ, ಇದೂ ಹಗ್ಲೂ ರಾತ್ರೆ ಗೇಯ್ತದೆ."

ಹೆಚ್ಚಾದ ಎಣ್ಣೆಯನ್ನು ತಾನೇ ಹೊರಬಿಡುವ ಏರ್ಪಾಡು ಆ ಹಳೆಯ ಪಂಪಿನಲ್ಲಿ ಇರಲಿಲ್ಲ. ದಿನದಿನವೂ ಬಿದ್ದ ಕೊಸರು ರಬ್ಬರನ್ನು ಉಬ್ಬಿಸಿ ಉಬ್ಬಿಸಿ ಒಡೆದಿತ್ತು. ನನಗೆ ಹೋದ ಜೀವ ಬಂತು. "ನೋಡಿದ್ರಾ ಸಾರ್, ಪಂಪಿಂದೇನೂ ತಪ್ಪಿಲ್ಲ," ಎಂದೆ. ಸೂಪರ್‌ವೈಸರ್ ಅವಳ ಕಡೆ ತಿರುಗಿದ. "ನಾಳೆಯಿಂದ ನೀನು ಬರಬೇಡಮ್ಮ."

ಕೂತಿದ್ದ ಫಿಟ್ಟರಣ್ಣ ಎದ್ದು ನಿಂತರು. "ಪಂಪೂ ಸರ್ಯಾಗದೆ, ಅವ್ವನೂ ಸರ್ಯಾಗವ್ಳೆ. ಇಬ್ರುನ್ನೂ ಜೋಡಿ ಮಾಡ್ದ ದಲ್ಲಾಳಿ ಸರಿಯಿಲ್ಲ. ಗಂಡ ತೋರ್ಸ್ದ, ಹೆಣ್ಣ ತೋರ್ಸ್ದ, ಒಬ್ರ ಗುಣ ಇನ್ನೊಬ್ರಿಗೆ ಹೇಳ್ದೆ ಎಲೆಅಡ್ಕೆ ಆಕ್ಕಂಡು ಓಡೋದ." ಎಂದು ನನ್ನನ್ನೇ ತೋರಿಸಿದರು. ಒಳಗೆ ಬಂದು ನೋಡುತ್ತಿದ್ದ ಟ್ರ್ಯಾಕ್ಟರಿನವರೆಲ್ಲ ಗೊಳ್ಳೆಂದು ನಕ್ಕರು. ನನ್ನ ಖರ್ಚಿನಲ್ಲಿ ಬಂದ ಮನುಷ್ಯ ನನ್ನ ಕಾಲೇ ಎಳೆದಾಗ ಸಿಟ್ಟು ಬಂದದ್ದು ನಿಜ. ಆದರೆ ಸೂಪರ್‌ವೈಸರ್ ಕೂಡ ನಗುತ್ತಿದ್ದ. ವ್ಯಾಪಾರಿಗೆ ಗೊತ್ತಿರಬೇಕಾದ ವಿಷಯ ಇದು: ಎದುರಿನವನು ನಕ್ಕರೆ ಬಾಗಿಲು ಇನ್ನೂ ಮುಚ್ಚಿಲ್ಲ ಎಂದು ಅರ್ಥ.

"ಬಾರವ್ವ, ಕೈ ತೊಳ್ಕೊ," ಎಂದು ಫಿಟ್ಟರಣ್ಣ ಅವಳನ್ನು ಕರೆದರು.

ಕೊಸರಾಗಿ ಬಂದಿದ್ದ ರಬ್ಬರು ನನ್ನ ಚೀಲದಲ್ಲಿತ್ತು. ಎಣ್ಣೆ ಕೋಣೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ನೂಲು ಬಿಡದ ಹಳೇ ಪಂಚೆ ತುಂಡಿನಲ್ಲಿ ಒರೆಸಿ, ರಬ್ಬರು ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದರು. ಅಲ್ಲಿಂದ ಮುಂದಕ್ಕೆ ಪಂಪನ್ನು ಮುಟ್ಟಲಿಲ್ಲ. ಬಕೆಟ್ಟು ಬೋರಲು ಹಾಕಿ ಕೂತರು. ಗೀಟಿನ ತನಕ ಎಣ್ಣೆ ಹಾಕಿದ್ದು ಅವಳು. ಮೇಲಿನ, ಗಾಳಿ ಹೊರಬಿಡುವ ತಿರುಪು ಸಡಿಲಿಸಿ, ದೊಡ್ಡ ಚಕ್ರವನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದ್ದು ಅವಳು. ತಿರುಪಿನ ಸಂದಿಯಲ್ಲಿ ಎಣ್ಣೆ ಸೋಡಾದಂತೆ ನೊರೆನೊರೆಯಾಗಿ ಬಂತು. ಎಣ್ಣೆ ಇಳಿದಾಗ ಮತ್ತೆ ಗೀಟಿಗೆ ತಂದಳು.

"ಈಗ ಗುಳ್ಳೆ ಬರ್ನಿಲ್ಲ ಕಣಪ್ಪ."

"ನಂಗೇನು ಗೊತ್ತು? ಕಣ್ಣು ನಿಂದು."

ಅವಳು ಇನ್ನೊಂದು ಸುತ್ತು ತಿರುಗಿಸಿದಳು. ಒಂದೇ ಒಂದು ಗುಳ್ಳೆ ಪಟ್ಟೆಂದಿತು. "ಅವಿತ್ಕಂಡಿದ್ದ ಕಳ್ಳ!" ಎಂದು ಅವಳೇ ನಕ್ಕಳು. ಆಮೇಲೆ ಎಣ್ಣೆ ಜೇನಿನ ಹಾಗೆ ಎಳೆಯಾಗಿ ಇಳಿಯಿತು. ತಿರುಪು ಬಿಗಿದಳು. ಅಭ್ಯಾಸಬಲದಿಂದ ಕೈ ಎಣ್ಣೆ ಡಬ್ಬಿಯ ಕಡೆ ಹೋಯಿತು, ಅರ್ಧಕ್ಕೇ ನಿಂತಿತು.

ಮೋಟಾರು ಹಾಕಿದಾಗ ಒತ್ತಡದ ಮುಳ್ಳು ಅಲುಗಾಡದೆ ಮೇಲೇರಿತು. ತೊಟ್ಟಿಯ ಕಪ್ಪು ನೀರು ಇಳಿಯತೊಡಗಿದ್ದನ್ನು ಕಂಡ ಮೇಲೆ ಸೂಪರ್‌ವೈಸರ್ ಟ್ರ್ಯಾಕ್ಟರುಗಳನ್ನು ಒಳಗೆ ಕರೆದ. ನಾಳೆ ಬರಬೇಕೋ ಬೇಡವೋ ಎಂದು ಹೆಂಗಸು ಕೇಳಿದ್ದಕ್ಕೆ, "ಬರದೆ? ಇನ್ಯಾರಿಗೆ ಗೊತ್ತು ಇದು?" ಎಂದ. ನನಗೆ, ಇಂಥದೇ ಇನ್ನೊಂದು ಸಿಕ್ಕರೆ ತಿಳಿಸಿ ಎಂದ.

ಅಲ್ಲಿಂದ ನನ್ನ ದಾರಿ ತೆರೆಯಿತು. ಗುಜರಿ ಬೋರ್ಡು ಇಳಿಯಿತು. ಪ್ರತಿ ಯಂತ್ರ ಮಾರಿದಾಗಲೂ ಫಿಟ್ಟರಣ್ಣನಿಗೆ ಹೇಳಲು ಓಡುತ್ತಿದ್ದೆ. ಎಷ್ಟಕ್ಕೆ ಹೋಯಿತು ಎಂದು ಅವರು ಕೇಳಿದ್ದೇ ಇಲ್ಲ. "ಎಣ್ಣೆ ಆಕೋರು ಯಾರ್ಲಾ?" ಎನ್ನುವರು. ಗೊತ್ತಿಲ್ಲ ಎಂದರೆ, "ಅಂಗಾದ್ರೆ ಮಾರಿಲ್ಲ ಬುಡು, ಎಸ್ದು ಬಂದಿದ್ದೀಯೆ," ಎಂದು ಮುಖ ತಿರುಗಿಸುವರು.

ದಶಕ ಮುಗಿಯುವ ಹೊತ್ತಿಗೆ ಕಾಯಿಲೆ ಬಿದ್ದರು. ಕುದೇರಿನಲ್ಲಿ ಅವರ ಅಣ್ಣನ ಮನೆಗೆ ನೋಡಲು ಹೋದಾಗ ದನಿ ಇಳಿದುಹೋಗಿತ್ತು. ಆ ವಾರ ಮಾರಿದ ಪಂಪಿನ ಸುದ್ದಿ ಹೇಳಿದೆ. ತುಟಿ ಅಲುಗಿತು. ಮಾತು ಕೇಳಿಸದಿದ್ದರೂ ಪ್ರಶ್ನೆ ಯಾವುದೆಂದು ಗೊತ್ತಾಯಿತು. ಅದನ್ನು ನೋಡಿಕೊಳ್ಳುವ ಆಳಿನ ಹೆಸರು, ಊರು, ಅವನ ಎಡಗೈ ರೂಢಿ ಎಲ್ಲ ಹೇಳಿದೆ. ಕಣ್ಣು ಮುಚ್ಚಿ ತಲೆಯಾಡಿಸಿದರು.

ಅವರನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಚಂದಕವಾಡಿಯಿಂದ ಒಬ್ಬ ಸಾಹುಕಾರರು ಪಂಪು ಕೊಳ್ಳಲು ಲಾರಿ ತಂದರು. ಚೌಕಾಸಿ ಮುಗಿದು, ಪಂಪಿಗೆ ಹಗ್ಗ ಬಿಗಿಯುತ್ತಿದ್ದರು. ನಾನು ಹಗ್ಗ ಹಿಡಿದುಕೊಂಡೆ. "ಇದನ್ನ ದಿನಾ ಮುಟ್ಟೋರು ಬರಲಿ ಸ್ವಾಮಿ, ಆಮೇಲೆ ಎತ್ತೋಣ."

"ಕೊಳ್ಳೋನು ನಾನು ಕಣಯ್ಯ! ಆಳು ಯಾಕೆ?"

ಲಾರಿ ಬಾಡಿಗೆ ಏರುತ್ತದೆ ಎಂದು ಬೈದರು, ಬೇರೆ ಕಡೆ ಕೊಳ್ಳುತ್ತೇನೆ ಎಂದು ಹೆದರಿಸಿದರು. ನಾನು ಟೀ ತರಿಸಿದೆ. ಕೊನೆಗೆ ಆಳಿಗೆ ಹೇಳಿ ಕಳಿಸಿದರು. ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದವನು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತ.

"ಬಾರಣ್ಣ," ಎಂದು ಪಂಪಿನ ಪಕ್ಕಕ್ಕೆ ಸ್ಟೂಲು ಎಳೆದೆ. "ಕೂತ್ಕೊ. ನಿನ್ನೆಸ್ರೇನು?"