ಬಾಗಿಲು ಮುಚ್ಚದೆ ಕೇಳಿದ ಪ್ರಶ್ನೆ

ಸಂಜೆ ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತವನಿಗೆ ಮತ್ತೆ ಏಳಲಾಗಲಿಲ್ಲ. ಬಲಗಡೆಯ ವೃಷಣದಲ್ಲಿ ಹುಟ್ಟಿದ ನೋವು ತೊಡೆಸಂದಿಯಿಂದ ಸೊಂಟದವರೆಗೂ ಎಳೆಯಿತು. ಅದಕ್ಕೂ ಒಂದು ವಾರ ಮೊದಲಿನಿಂದ ಸಂಜೆಯಾದರೆ ಜ್ವರ, ಬೆಳಿಗ್ಗೆ ಬೆವರಿನಲ್ಲಿ ತೊಯ್ದ ಅಂಗಿ. ಮಳೆಯಲ್ಲಿ ನೆನೆದ ಪನಿ ಅಂದುಕೊಂಡಿದ್ದೆ. ಗಡಿಹೊಳೆಯ ಈಚೆ, ಕೇರಳದ ಮರಕ್ಕಡವಿನಲ್ಲಿ ನಾವು ಜ್ವರಕ್ಕೆ ಪನಿ ಅಂತಲೇ ಅನ್ನುವುದು. ಮನೆಯೊಳಗೆ ಕನ್ನಡ ಉಳಿದಿದ್ದರೂ ಕಾಯಿಲೆಗಳೆಲ್ಲ ನಮಗೆ ಮಲಯಾಳಂನಲ್ಲೇ ಬರುತ್ತವೆ.

ಮೂರು ದಿನ ಯಾರಿಗೂ ಹೇಳಲಿಲ್ಲ. ಹಲ್ಲುನೋವಾಗಿದ್ದರೆ ಊರಿಗೆಲ್ಲ ಹೇಳುತ್ತಿದ್ದೆ. ನಲವತ್ತೆರಡು ವರ್ಷದ ಗಂಡಸು, ಎರಡು ಹೆಣ್ಣುಮಕ್ಕಳ ಅಪ್ಪ, ಇದನ್ನು ಯಾರ ಹತ್ತಿರ ಹೇಳುವುದು? ನಾಲ್ಕನೇ ದಿನ ನನ್ನ ನಡಿಗೆ ನೋಡಿ ಹೆಂಡತಿ ಪುಷ್ಪ ತಾನೇ ಕೇಳಿದಳು.

"ಯಾಕೆ ಕಾಲು ಅಗಲಿಸ್ಕೊಂಡು ನಡೀತಿದ್ದೀರಿ?"

"ಏನಿಲ್ಲ. ಸೊಂಟ ಹಿಡ್ಕೊಂಡದೆ."

"ಸೊಂಟ ಹಿಡಿದವ್ರು ಹಂಗೆ ನಡೆಯಲ್ಲ. ತೋರ್ಸಿ."

ತೋರಿಸಿದೆ. ದೊಡ್ಡ ನಿಂಬೆಹಣ್ಣಿನಷ್ಟು ಊದಿಕೊಂಡು, ಚರ್ಮ ಬಿಗಿದು ಕೆಂಪಗಾಗಿತ್ತು. ಅವಳು ಬೈಯಲೂ ಇಲ್ಲ. ಜೀಪಿಗೆ ಫೋನ್ ಮಾಡಿದಳು.

ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರ್ ಅರ್ಧ ನಿಮಿಷ ಮುಟ್ಟಿ ನೋಡಿ ಕುರ್ಚಿಗೆ ಮರಳಿದರು. ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಆರು ಜನ, ಅವರಲ್ಲಿ ಇಬ್ಬರು ನಮ್ಮ ಕಡೆಯವರೇ.

"ಹೊರಗಡೆ ಹೆಂಗಸರ ಸಹವಾಸ ಇದೆಯಾ?" ಮಲಯಾಳಂನಲ್ಲಿ, ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದರು.

ಪುಷ್ಪ ಪಕ್ಕದಲ್ಲೇ ನಿಂತಿದ್ದಳು.

"ಇಲ್ಲ" ಅಂದೆ.

"ಎಲ್ಲರೂ ಹೇಳೋದು ಹೀಗೇ. ಹೆಂಡತಿಯೂ ಮಾತ್ರೆ ನುಂಗಲಿ. ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಬರುತ್ತಲೇ ಇರುತ್ತೆ."

ಆ ಪ್ರಶ್ನೆಯನ್ನು ಕೇಳಲೇಬೇಕು ಎಂದು ನನಗೆ ಈಗ ಗೊತ್ತು. ಇಂಥ ಊತ ಹಲವರಿಗೆ ಆ ದಾರಿಯಿಂದಲೂ ಬರುತ್ತದಂತೆ. ನನ್ನ ಸಿಟ್ಟು ಪ್ರಶ್ನೆಯ ಮೇಲಲ್ಲ. ಬಾಗಿಲು ಮುಚ್ಚಲು ಆ ಮನುಷ್ಯನಿಗೆ ಎಷ್ಟು ಹೊತ್ತು ಬೇಕಿತ್ತು? ಒಂದು ಉತ್ತರವನ್ನು ನಂಬಲು, ಅಥವಾ ನಂಬದೇ ಇದ್ದರೂ ಇನ್ನೊಂದು ಪ್ರಶ್ನೆ ಕೇಳಲು? ನೀನು ಏನು ಕೆಲಸ ಮಾಡುತ್ತೀಯ ಎಂದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಹತ್ತು ದಿನ ಮಾತ್ರೆ ನುಂಗಿದೆ. ಪುಷ್ಪಳೂ ನುಂಗಿದಳು. ಮಾತ್ರೆ ನುಂಗಿದ ಪ್ರತಿದಿನವೂ ಅವಳಿಗೆ ವಾಕರಿಕೆ. ನನಗೆ ಊತ ಇಳಿಯಿತು, ಜ್ವರ ಬಿಟ್ಟಿತು. ವಾರ ಕಳೆಯುವುದರೊಳಗೆ ಎರಡೂ ವಾಪಸು ಬಂದವು.

ಮಲಗಿದವನ ತಲೆ ಸುಮ್ಮನಿರಲಿಲ್ಲ. ನಾನು ಎಲ್ಲಿಗೂ ಹೋಗಿಲ್ಲ, ಅದು ನನಗೆ ಗೊತ್ತು. ಹಾಗಿದ್ದರೆ ಇದು ಎಲ್ಲಿಂದ ಬಂತು? ಅವಳು ಹೊಳೆ ದಾಟಿ ತವರಿಗೆ ಹೋಗಿ ಎರಡು ದಿನ ಇದ್ದದ್ದು ನೆನಪಾಯಿತು. ಫೋನಿನಲ್ಲಿ ಮಾತಾಡುತ್ತಾ ಅಂಗಳಕ್ಕೆ ಹೋಗಿದ್ದು ನೆನಪಾಯಿತು. ಹದಿನೇಳು ವರ್ಷ ನನ್ನ ಜೊತೆ ಬಾಳಿದವಳ ನಡೆನುಡಿಯನ್ನೆಲ್ಲ, ಆ ಕುರ್ಚಿಯಲ್ಲಿ ಕೂತಿದ್ದವನ ಹಾಗೆಯೇ, ನಾನು ಅರ್ಧ ನಿಮಿಷದಲ್ಲಿ ಮುಟ್ಟಿ ನೋಡಿ ತೀರ್ಮಾನ ಮಾಡಿಬಿಟ್ಟೆ.

ಒಂದು ಮಧ್ಯಾಹ್ನ ಅವಳು ಕೊಟ್ಟಿಗೆಯ ಹತ್ತಿರ ಹುಲ್ಲು ಕತ್ತರಿಸುತ್ತಿದ್ದಳು.

"ನಿನ್ನಿಂದ ಬಂದಿರಬೌದಾ ಇದು?"

ಕೇಳಿಯೇಬಿಟ್ಟೆ.

ಅವಳು ಕತ್ತಿ ಕೆಳಗಿಟ್ಟಳು. "ಆ ಮಾತ್ರೆ ನಾನ್ಯಾಕೆ ನುಂಗ್ದೆ ಗೊತ್ತಾ? ನಿಮ್ಮ ಮೇಲೆ ಅನುಮಾನ ಪಟ್ಟು ಅಲ್ಲ. ನಿಮಗೆ ವಾಸಿ ಆಗ್ಲಿ ಅಂತ. ಆ ಬೆಂಚಲ್ಲಿದ್ದವ್ರು ನನ್ನ ಹೆಂಗೆ ನೋಡಿದ್ರು ಅಂತ ನೀವು ನೋಡ್ಲಿಲ್ಲ."

ಅಲ್ಲಿಂದ ಮಾತು ನಿಂತಿತು. ಗಂಜಿ ಬರುತ್ತಿತ್ತು, ಬಿಸಿನೀರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಆದರೂ ಜ್ವರ ಏರಿ ನಾನು ನಡುಗತೊಡಗಿದಾಗ ಬಟ್ಟೆ ತುಂಬಿಕೊಂಡು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅವಳೇ.

ಅಲ್ಲಿ ಸ್ಕ್ಯಾನ್ ಮಾಡಿದರು. ಕೀವು ಕಟ್ಟಿರಲಿಲ್ಲ. ವಾರ್ಡಿಗೆ ಬಂದ ಡಾಕ್ಟರ್ ನನ್ನ ತಂಗಿಗಿಂತ ಚಿಕ್ಕ ಹುಡುಗಿ. ಮೊದಲು ಪರದೆ ಎಳೆದರು. ಆಮೇಲೆ ಮೆಲ್ಲಗೆ ಮೊದಲನೆಯವರು ಕೇಳಿದ್ದನ್ನೇ ಕೇಳಿ, ನಾನು ಇಲ್ಲ ಅಂದದ್ದನ್ನು ಬರೆದುಕೊಂಡರು.

"ಕೆಲಸ ಏನು, ಚೇಟ್ಟಾ?" ಅಣ್ಣಾ ಎಂದು ಕರೆದೇ ಕೇಳಿದರು.

"ನಾಲ್ಕು ಹಸು ಇದೆ. ಸೊಸೈಟಿಗೆ ಹಾಲು ಹಾಕ್ತೀನಿ."

ಅವರ ಪೆನ್ನು ನಿಂತಿತು. "ಈಚೆಗೆ ಯಾವುದಾದರೂ ಹಸು ತಿಂಗಳು ತುಂಬದೆ ಕರು ಹಾಕಿತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಪರದೆಯ ಆಚೆಯಿಂದ ಪುಷ್ಪ ಮಲಯಾಳಂನಲ್ಲಿ ಉತ್ತರ ಕೊಟ್ಟಳು. "ಹಾಕಿತ್ತು. ಏಳು ತಿಂಗಳಿಗೇ, ಸತ್ತ ಕರು. ಮಾಸು ಬೀಳಲಿಲ್ಲ ಅಂತ ಇವರೇ ಕೈ ಹಾಕಿ ತೆಗೆದರು. ಬರಿಗೈಯಲ್ಲಿ. ಹುಲ್ಲು ಕೊಯ್ದ ಗಾಯ ಬೇರೆ ಇತ್ತು."

ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲಾ ಎಂದು ಬಂತು. ದನಗಳಿಗೆ ಬರುವ ಕಂದು ರೋಗ. ಗಬ್ಬದ ಹಸು ಕರು ಕಳೆದುಕೊಳ್ಳುತ್ತದೆ. ಮನುಷ್ಯರಿಗೆ ಬಂದರೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು, ಕೆಲವು ಗಂಡಸರಿಗೆ ಹೀಗೆ ವೃಷಣದ ಊತ. ಮೊದಲು ಕೊಟ್ಟ ಮಾತ್ರೆಗಳಲ್ಲಿ ಒಂದು ಇದಕ್ಕೂ ಆಗುವಂಥದ್ದೇ, ಅದಕ್ಕೇ ಸ್ವಲ್ಪ ಇಳಿದದ್ದು, ಆದರೆ ಹತ್ತು ದಿನ ಸಾಲದು ಅಂದರು. ಪುಷ್ಪಳ ರಕ್ತವನ್ನೂ ನೋಡಿದರು. ಏನೂ ಇರಲಿಲ್ಲ.

"ಇದು ಹಸುವಿನಿಂದ ಬಂದದ್ದು" ಎಂದರು ಡಾಕ್ಟರ್, ಇಬ್ಬರನ್ನೂ ನೋಡಿ. "ಯಾವ ಹೆಂಗಸಿನಿಂದಲೂ ಅಲ್ಲ."

ನೆಮ್ಮದಿಯಾಗಬೇಕಿತ್ತು. ಬಂದದ್ದು ಸಿಟ್ಟು. ಅಷ್ಟು ಜನ ಕೇಳುವ ಹಾಗೆ ಅಪವಾದ ಹೊರಿಸಿದವರು ಈಗ ಬಂದು ಅಷ್ಟೇ ಗಟ್ಟಿಯಾಗಿ ಇದನ್ನು ಹೇಳುತ್ತಾರೆಯೇ? ಪುಷ್ಪ ಪಟ್ಟ ವಾಕರಿಕೆಗೆ ಯಾರು ಉತ್ತರ ಕೊಡುತ್ತಾರೆ? ನಾನು ಕೇಳಿದ ಮಾತಿಗೆ?

ಆರು ವಾರ ಎರಡು ಬಗೆಯ ಮಾತ್ರೆ. ಒಂದರಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಕರು ಕಳೆದುಕೊಂಡ ಹಸುವಿನ ರಕ್ತದಲ್ಲೂ ಅದೇ ರೋಗ ಸಿಕ್ಕಿ, ಅದನ್ನು ಬೇರೆ ಕಟ್ಟಿದೆವು. ಮೂರನೇ ವಾರ ಕಾಲು ಕೂಡಿಸಿ ಮಲಗಲು ಸಾಧ್ಯವಾಯಿತು. ಐದನೇ ವಾರ ಹಾಲು ಕರೆದೆ.

ಮಾತ್ರೆ ಮುಗಿದ ವಾರ ಸೊಸೈಟಿಯಲ್ಲಿ ಮೃಗವೈದ್ಯರು ಈ ರೋಗದ ಬಗ್ಗೆ ಮಾತಾಡಲು ಬಂದರು. ಕೈಗವಸು ಹಾಕಿ, ಹಾಲು ಕುದಿಸಿ ಕುಡಿಯಿರಿ, ಮನುಷ್ಯರಿಗೆ ಜ್ವರ ಬರುತ್ತದೆ, ಕೀಲುನೋವು ಬರುತ್ತದೆ ಅಂದರು. ಹೆಂಗಸರಿದ್ದಾರೆ ಅಂತಲೋ ಏನೋ ಉಳಿದದ್ದನ್ನು ನುಂಗಿಕೊಂಡರು. ನಾನು ಎದ್ದು ನಿಂತೆ.

"ಗಂಡಸರಿಗೆ ಬೀಜ ಊದ್ಕೋತದೆ. ನಂಗೆ ಊದಿತ್ತು. ಹಸುವಿಂದ ಬಂದದ್ದು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರ ಕಡೆಗೇ ತಿರುಗಿ ಅದನ್ನೇ ಮಲಯಾಳಂನಲ್ಲೂ ಹೇಳಿದೆ. ಯಾರೂ ನಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಪುಷ್ಪ ಎರಡು ಹೆಜ್ಜೆ ಮುಂದಿದ್ದಳು. ತಿರುಗದೆಯೇ ಹೇಳಿದಳು: "ಅಷ್ಟು ಜನದ ಮುಂದೆ ಅದನ್ನ ಹೇಳೋಕೆ ಬಂತು ನಿಮಗೆ. ನನ್ನತ್ರ ಒಂದು ಮಾತು ಹೇಳೋಕೆ ಇನ್ನೂ ಬಂದಿಲ್ಲ."

ಕಾಫಿತೋಟದ ಬೇಲಿಯ ಪಕ್ಕದಲ್ಲಿ ನಿಂತೆ. ಅವಳೂ ನಿಂತಳು.

"ತಪ್ಪಾಯ್ತು, ಪುಷ್ಪ. ನಾನು ಕೇಳಬಾರದಿತ್ತು."

ಪರವಾಗಿಲ್ಲ, ಬಿಡಿ ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನನ್ನ ಮುಖ ನೋಡಿ, "ಹೂಂ" ಅಂದಳು. ಆಮೇಲೆ ನನ್ನ ಪಕ್ಕಕ್ಕೆ ಬಂದು ನಡೆದಳು.

ಬಲಗಡೆಯದು ಸ್ವಲ್ಪ ಚಿಕ್ಕದಾಗಿಯೇ ಉಳಿಯಬಹುದು, ರೋಗ ಮರಳಿ ಬಂದೀತು, ಕೆಲವು ತಿಂಗಳು ರಕ್ತ ತೋರಿಸುತ್ತಿರಬೇಕು ಅಂದಿದ್ದಾರೆ ಡಾಕ್ಟರ್. ಸದ್ಯಕ್ಕೆ ನೋವಿಲ್ಲ. ಆ ಬಾಗಿಲು ಮುಚ್ಚದವರ ಮೇಲಿನ ಸಿಟ್ಟು ಇನ್ನೂ ಇದೆ, ಅವಳಿಗೂ ನನಗೂ.