ಗಿರಿಜಕ್ಕ ಚೀಲ ಕೊಯ್ದಾಗ

ಹೋದ ವರ್ಷ ಜುಲೈ ತಿಂಗಳಲ್ಲಿ, ನಾಲ್ಕನೇ ತಾರೀಖಿನ ರಜೆ ಮುಗಿದ ಮರುವಾರ, ನಾನು ಮತ್ತು ಗಿರಿಜಕ್ಕ ಸೈಕಲ್ ತೆಗೆದುಕೊಂಡು ಡ್ರಮಂಡ್ ದ್ವೀಪಕ್ಕೆ ಹೋದೆವು. ಅದು ಮಿಷಿಗನ್ನಿನ ಮೇಲ್ತುದಿಯಲ್ಲಿ, ಹ್ಯೂರಾನ್ ಸರೋವರದ ನಡುವೆ ಇದೆ. ನಾರ್ತ್‌ವಿಲ್‌ನ ನಮ್ಮ ಮನೆಯಿಂದ ಐದೂವರೆ ಗಂಟೆ ಡ್ರೈವ್, ಆಮೇಲೆ ದೋಣಿ. ಗಿರಿಜಕ್ಕ ಬಾಗಲಕೋಟೆ ಕಡೆಯವರು, ನಮ್ಮ ಪಕ್ಕದ ಊರಿನಲ್ಲಿ ಮಕ್ಕಳ ಡಾಕ್ಟರ್. ನನಗಿಂತ ನಾಲ್ಕು ವರ್ಷ ದೊಡ್ಡವರು. ನಮ್ಮ ಸೈಕಲ್ ಗುಂಪಿನಲ್ಲಿ ಹದಿನಾಲ್ಕು ಜನ ಇದ್ದೇವೆ. ಜುಲೈ ಸೆಕೆಗೆ ಹೆದರಿ ಉಳಿದವರು ಬರಲಿಲ್ಲ.

ಹೊರಡುವಾಗ ಮಗಳು ನಕ್ಕಳು. "ಅಮ್ಮಾ, ಯು ಡೋಂಟ್ ಈವನ್ ಲೈಕ್ ಹೋಟೆಲ್ಸ್" ಎಂದಳು. ಅವಳು ಹೇಳಿದ್ದು ಸರಿ. ಹೋಟೆಲಿಗೂ ನಾನು ನನ್ನದೇ ದಿಂಬಿನ ಕವರ್ ಒಯ್ಯುವವಳು.

ದ್ವೀಪದ ಒಳಭಾಗ ಬಹುಪಾಲು ಸರ್ಕಾರಿ ಕಾಡು. ಒಂದು ಕಾರ್ಡ್ ಬರೆದು ಮರಕ್ಕೆ ಸಿಕ್ಕಿಸಿದರೆ ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದು. ನಲ್ಲಿ ಇಲ್ಲ, ಕಕ್ಕಸು ಇಲ್ಲ, ಕೇಳುವವರೂ ಇಲ್ಲ. ಮೊದಲನೆಯ ದಿನ ಇಪ್ಪತ್ತೆರಡು ಮೈಲಿ ತುಳಿದೆವು. ತೊಂಬತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ಇತ್ತು. ದೋಣಿ ಕಟ್ಟೆಯ ಹತ್ತಿರದ ಅಂಗಡಿಯಲ್ಲಿ ಬಾಟಲಿಗಳನ್ನೂ ಗಿರಿಜಕ್ಕನ ಮಡಿಸುವ ನೀರಿನ ಚೀಲವನ್ನೂ ತುಂಬಿಕೊಂಡೆವು. ಚೀಲಕ್ಕೆ ಒಂದೂವರೆ ಗ್ಯಾಲನ್, ಆರು ಲೀಟರಿನ ಹತ್ತಿರ, ಹಿಡಿಯುತ್ತದೆ, ಹೊರಮೈ ಬೆಳ್ಳಿ ಬಣ್ಣ. ಮುಸ್ಸಂಜೆಗೆ ಒಂದು ಸಣ್ಣ ಕೆರೆಯ ಪಕ್ಕ ಟೆಂಟ್ ಹಾಕಿ, ಗೊಜ್ಜವಲಕ್ಕಿ ನೆನೆಸಿ ತಿಂದು ಮಲಗಿದೆವು. ಅಷ್ಟು ಹೊತ್ತಿಗೆ ಬಾಟಲಿಗಳು ಬಹುತೇಕ ಖಾಲಿ. ಚೀಲದಲ್ಲಿ ಒಂದು ಗ್ಯಾಲನ್, ಗಿರಿಜಕ್ಕನ ಸೈಕಲ್ಲಿಗೆ ಸಿಕ್ಕಿಸಿದ್ದ ಬಾಟಲಿಯಲ್ಲಿ ಅರ್ಧ, ಇಷ್ಟು ನೀರು ಉಳಿದಿತ್ತು.

ನಮ್ಮ ತಾಯಿಯ ಮನೆಯಲ್ಲಿ ಬೆಳಗಿನ ಮೊದಲ ಕೆಲಸ ರಾತ್ರಿಯ ನೀರನ್ನು ಚೆಲ್ಲುವುದು. ಕೊಡದಲ್ಲಿ ಉಳಿದ ತಂಗಳು ನೀರನ್ನು ಗಿಡದ ಬುಡಕ್ಕೆ ಹಾಕಿ, ಕೊಡ ತೊಳೆದು ಹೊಸ ನೀರು ತುಂಬಿದ ಮೇಲೇ ಒಲೆ ಹಚ್ಚುತ್ತಿದ್ದರು. ಈ ದೇಶಕ್ಕೆ ಬಂದು ಇಪ್ಪತ್ತೇಳು ವರ್ಷವಾದರೂ ನಾನು ಅದನ್ನು ಬಿಟ್ಟಿಲ್ಲ. ಫ್ರಿಜ್ಜಿನ ಜಗ್ಗಿನಲ್ಲಿರುವುದೂ ಬೆಳಿಗ್ಗೆ ಗಿಡಕ್ಕೇ ಹೋಗುತ್ತದೆ. ಯೋಚಿಸಿ ಮಾಡುವುದಲ್ಲ, ಕೈ ಮಾಡುತ್ತದೆ.

ಮರುದಿನ ಐದೂವರೆಗೆ ಎದ್ದೆ. ಕೆರೆಯ ಮೇಲೆ ಮಂಜಿತ್ತು, ನೀರು ಬೆಳ್ಳಗೆ ಕಾಣುತ್ತಿತ್ತು. ಕೊಂಬೆಗೆ ತೂಗುಹಾಕಿದ್ದ ಚೀಲ ಇಳಿಸಿ, ಮುಚ್ಚಳ ತಿರುಗಿಸಿ, ನೀರನ್ನು ಮರದ ಬುಡಕ್ಕೆ ಸುರಿದೆ. ಅಲ್ಲಿ ನೆಲವೆಲ್ಲ ಸುಣ್ಣಕಲ್ಲು. ಬಿರುಕುಗಳು ಅಷ್ಟನ್ನೂ ಎಳೆದುಕೊಂಡವು, ಒದ್ದೆಯೂ ಉಳಿಯಲಿಲ್ಲ. ಫಿಲ್ಟರ್ ತೆಗೆದುಕೊಂಡು ಕೆರೆಗೆ ಇಳಿದೆ. ಹತ್ತಿರ ಹೋಗಿ ನೋಡಿದರೆ ದಡದುದ್ದಕ್ಕೂ ಹಸಿರು ಪೇಂಟ್ ಚೆಲ್ಲಿದ ಹಾಗೆ ಕೆನೆಗಟ್ಟಿತ್ತು.

ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಗಿರಿಜಕ್ಕ ಹಿಂದೆ ಬಂದರು.

"ಮುಟ್ಟಬ್ಯಾಡ ಸುಮಾ. ಅದು ಆಲ್ಗೀ, ಪಾಚಿ. ವಿಷ ಇರ್ತೈತಿ. ನಮ್ಮ ಫಿಲ್ಟರಿಗೂ ಹೋಗಂಗಿಲ್ಲ, ಕುದಿಸಿದ್ರೂ ಹೋಗಂಗಿಲ್ಲ. ಚೀಲದಾಗ ಐತಲ್ಲ, ಅದರಾಗ ಚಹಾ ಮಾಡೂಣು."

ಅವರು ಹೋಗಿ ಚೀಲ ಎತ್ತಿ ನೋಡಿದರು.

"ಯವ್ವಾ! ಇದೇನಿದು, ಖಾಲಿ ಆಗೇತಲ್ಲ!"

"ಸೋರಿರ್ಬೇಕು ಗಿರಿಜಕ್ಕ" ಎಂದೆ.

ಆ ಮಾತು ನನ್ನ ಬಾಯಿಂದ ಬಂದಾಗ ನನಗೇ ಆಶ್ಚರ್ಯವಾಯಿತು. ಡಾಕ್ಟರ್ ಎದುರಿಗೆ ದಡ್ಡಿ ಅನ್ನಿಸಿಕೊಳ್ಳಬಾರದು ಎಂಬುದಷ್ಟೇ ಇತ್ತು ಮನಸ್ಸಿನಲ್ಲಿ. ಪ್ರತಿದಿನ ಬರೆಯುವ ಸಣ್ಣ ಪುಸ್ತಕದಲ್ಲೂ ಅಲ್ಲೇ ಕೂತು "ಚೀಲ ಸೋರಿತು" ಎಂದು ಬರೆದೆ.

ಗಿರಿಜಕ್ಕ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು. ಬಾಯಿಯ ಹತ್ತಿರದ ಹೊಲಿಗೆ ಒತ್ತಿದರು. "ಹಳೇದಾಗಿತ್ತು. ನೋಡ್ಕೊಂಡು ತರಬೇಕಿತ್ತು ನಾ. ತಪ್ಪು ನಂದs" ಎಂದರು. ಪರೀಕ್ಷೆ ಮಾಡಲು ನೀರಿರಲಿಲ್ಲ.

ನಕ್ಷೆ ಬಿಡಿಸಿದೆವು. ಫೋನಿಗೆ ಸಿಗ್ನಲ್ ಇರಲಿಲ್ಲ. ಬಂದ ದಾರಿಯಲ್ಲಿ ಅಂಗಡಿಗೆ ಇಪ್ಪತ್ತೆರಡು ಮೈಲಿ. ಉತ್ತರಕ್ಕೆ ಒಂಬತ್ತು ಮೈಲಿ ಹೋದರೆ ಹ್ಯೂರಾನ್ ದಂಡೆ, ಅಲ್ಲಿಯ ನೀರು ತಿಳಿಯಾದದ್ದು, ಫಿಲ್ಟರ್ ಮಾಡಿ ಕುಡಿಯಬಹುದು. ಆದರೆ ನಡುವೆ ಬಯಲು, ಚಪ್ಪಡಿ ಹಾಸಿದಂಥ ಸುಣ್ಣಕಲ್ಲಿನ ನೆಲ, ಮರಗಳು ದೂರ ದೂರ. ಉತ್ತರಕ್ಕೇ ಹೋಗುವುದೆಂದಾಯಿತು.

ಟೆಂಟ್ ಮಡಿಸುವಾಗ ಗಿರಿಜಕ್ಕ ಕತ್ತರಿ ತೆಗೆದರು.

"ಸೋರೋ ಚೀಲ ಹೊತ್ಕೊಂಡು ಏನ್ ಮಾಡೋದು? ಬಿಸಿಲಿಗರ ಆಗ್ತೈತಿ" ಎಂದು ಅದನ್ನು ಉದ್ದಕ್ಕೆ ಕೊಯ್ದರು. ಎರಡು ತುಂಡು ಮಾಡಿ, ಹೆಲ್ಮೆಟ್ಟಿನ ಹಿಂದೆ ಕುತ್ತಿಗೆಯ ಮೇಲೆ ಇಳಿಬೀಳುವ ಹಾಗೆ ಪಿನ್ ಹಾಕಿದರು. "ನಿನಗೊಂದು, ನನಗೊಂದು. ನೋಡು, ರಾಕೆಟ್ ಬಿಡೋರಂಗ ಕಾಣ್ತೀವಿ."

ಕತ್ತರಿ ಆಡುವಾಗ ನಾನು ಟೆಂಟಿನ ಗೂಟ ಎಣಿಸುತ್ತಿದ್ದೆ. ಎಂಟು ಗೂಟ. ಎರಡು ಸಲ ಎಣಿಸಿದೆ.

ಎಂಟು ಗಂಟೆಗೆ ಹೊರಟೆವು. ಅರ್ಧ ಬಾಟಲಿಯನ್ನು ಗಿರಿಜಕ್ಕ ಗುಟುಕು ಗುಟುಕಾಗಿ ಹಂಚುತ್ತಿದ್ದರು. ನನಗೆ ಎರಡು ಗುಟುಕು, ಅವರಿಗೆ ಒಂದು. "ಕುಡಿ ಕುಡಿ, ಚೀಲ ನಂದಿತ್ತಲ್ಲ" ಎನ್ನುತ್ತಿದ್ದರು. ನಾನು ಬೇಡವೆಂದರೂ ಬಿಡಲಿಲ್ಲ, ಕೊನೆಗೆ ಕುಡಿದೆ. ಜಲ್ಲಿ ಹಾದಿಯಲ್ಲಿ ಸಾಮಾನು ಹೇರಿದ ಸೈಕಲ್ ಗಂಟೆಗೆ ನಾಲ್ಕು ಮೈಲಿಗಿಂತ ವೇಗ ಹೋಗಲಿಲ್ಲ. ಒಂಬತ್ತೂವರೆಗೆ ಥರ್ಮಾಮೀಟರ್ ತೊಂಬತ್ತಮೂರು ತೋರಿಸಿತು.

ಐದನೇ ಮೈಲಿ ದಾಟುತ್ತಿದ್ದ ಹಾಗೆ ಗಿರಿಜಕ್ಕ ಸೈಕಲ್ ನಿಲ್ಲಿಸಿ ಇಳಿದರು. ಇಳಿದವರು ಅಲ್ಲೇ ಕೂತು ವಾಂತಿ ಮಾಡಿದರು. ಮುಖ ಕೆಂಪಾಗಿತ್ತು. ಅವರು ಬಿಪಿಗೆ ದಿನಾ ತೆಗೆದುಕೊಳ್ಳುವ ಮಾತ್ರೆ ಮೈಯ ನೀರನ್ನು ಇಳಿಸುವಂಥದ್ದು. ಅದು ಆಗ ನೆನಪಾಯಿತು ಎಂದರು.

ಎರಡು ಸೈಕಲ್ ನಿಲ್ಲಿಸಿ, ಮೇಲೆ ಟೆಂಟಿನ ಹೊದಿಕೆ ಕಟ್ಟಿ ನೆರಳು ಮಾಡಿದೆ. ಅವರು ಮಲಗಿಕೊಂಡೇ, ಪೇಷೆಂಟಿನ ತಾಯಿಗೆ ಹೇಳುವಂತೆ, ಹೇಳಿದರು.

"ಅಂಜಬ್ಯಾಡ. ಇನ್ನೂ ಬೆವರು ಬರಾಕತ್ತೈತಿ. ಬೆವರು ನಿಂತ್ರ, ನಾ ಏನರ ತೊದಲಿದ್ರ, ಆಗ ಅಂಜು. ಈಗ ಎಲ್ಲಾ ಬಾಟ್ಲಿ ತಗೊಂಡು ಹೋಗು. ಇದರಾಗ ಒಂದು ಗುಟುಕು ಐತಿ, ನೀ ಕುಡಿ."

"ನೀವು ಕುಡೀರಿ!"

"ಹೋಗಾಕಿ ನೀ. ನಾ ಮಲಗಾಕಿ."

ಆ ಗುಟುಕನ್ನೂ ನಾನು ಕುಡಿದೆ. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಆಗ ಹೇಳಿ ಸಮಯ ಹಾಳುಮಾಡುವುದೇಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಅವರ ಸೈಕಲ್ ನೆರಳಿಗೆ ಬಿಟ್ಟು, ನನ್ನ ಸೈಕಲ್ಲಿನ ಜಾಗಕ್ಕೆ ಕಲ್ಲು ಕೋಲು ಸೇರಿಸಿ, ಅದರ ಸಾಮಾನು ಇಳಿಸಿ ಹೊರಟೆ.

ದಂಡೆಗೆ ನಾಲ್ಕು ಮೈಲಿ. ದಾರಿಯಲ್ಲಿ ಒಂದು ಕಾರೂ ಇಲ್ಲ, ಮನೆಯೂ ಇಲ್ಲ. ನೀರಿಗೆ ಮುಖವಿಟ್ಟು, ಫಿಲ್ಟರ್ ಒತ್ತಿ ಕುಡಿದು, ಮೂರು ಬಾಟಲಿ ತುಂಬಿಸಿದೆ. ಮೂರೂ ಸೇರಿ ಅರ್ಧ ಗ್ಯಾಲನ್‌ಗಿಂತ ಸ್ವಲ್ಪ ಹೆಚ್ಚು. ಹಿಂದೆ ಬರಲು ಮುಕ್ಕಾಲು ಗಂಟೆ ಹಿಡಿಯಿತು.

ದೂರದಿಂದ ಕರೆದೆ, ಉತ್ತರ ಬರಲಿಲ್ಲ. ಹತ್ತಿರ ಬಂದು ಮತ್ತೆ ಕರೆದೆ. ಕಣ್ಣು ಮುಚ್ಚಿದ್ದರು. ಮೊಣಕೈ ಹಿಡಿದು ಅಲ್ಲಾಡಿಸಿದೆ.

"ಕೇಳಿಸ್ತು" ಎಂದರು ಮೆಲ್ಲಗೆ. "ಉತ್ತರ ಕೊಡೋದಕ್ಕೂ ತ್ರಾಣ ಇಲ್ಲವ್ವಾ."

ಅವರೇ ಹೇಳಿದ ಪ್ರಕಾರ ಒಂದು ಬಾಟಲಿಯನ್ನು ಚೂರು ಚೂರಾಗಿ ಕುಡಿಸಿದೆ, ಉಪ್ಪು ಸಕ್ಕರೆ ಬೆರೆಸಿ. ಉಳಿದ ಎರಡನ್ನು ಟವೆಲ್ಲಿಗೆ ಸುರಿದು ಕುತ್ತಿಗೆ, ಕಂಕುಳಕ್ಕೆ ಹಾಕಿದೆ. ಟವೆಲ್ ಹತ್ತು ನಿಮಿಷಕ್ಕೆ ಬೆಚ್ಚಗಾಯಿತು. ಮುಖ ಇನ್ನೂ ಕೆಂಪಾಗಿಯೇ ಇತ್ತು. ಇನ್ನೂ ನೀರು ಬೇಕಿತ್ತು. ಖಾಲಿ ಬಾಟಲಿಗಳನ್ನು ನೋಡಿ ಅವರೆಂದರು, "ಆ ಹಾಳ ಚೀಲ ಚೊಲೋ ಇದ್ದಿದ್ರ ಒಂದs ಸಲಕ್ಕ ಮುಗೀತಿತ್ತು, ಪಾಪ ನಿನಗ."

ಆಗ ಹೇಳಿದೆ.

"ಗಿರಿಜಕ್ಕ, ಚೀಲ ಸೋರಿರ್ಲಿಲ್ಲ. ಬೆಳಿಗ್ಗೆ ನಾನೇ ಚೆಲ್ದೆ. ತಂಗಳು ನೀರು ಅಂತ. ನಮ್ಮನೇಲಿ ದಿನಾ ಚೆಲ್ತೀವಿ, ಅದೇ ಅಭ್ಯಾಸ."

ಬೈಯುತ್ತಾರೆಂದು ಕಾದೆ.

"ಚೆಲ್ಲಿದ್ದು ರೂಢಿ, ಅದು ಇರಲಿ" ಎಂದರು. "ನಾ ಕೊಯ್ಯುವಾಗ ನೀ ಅಲ್ಲೇ ಇದ್ದೆಲ್ಲ?"

ನಾನು ಹೂಂ ಎಂದೆ.

"ಹೋಗು. ನೀರು ತಾ."

ಎರಡನೆಯ ಸಲ ಹೋಗಿ ಬರುವಾಗ ಮಧ್ಯಾಹ್ನ ಒಂದೂಮುಕ್ಕಾಲಾಗಿತ್ತು. ಆ ನೀರಿನಿಂದ ಅವರ ಮೈ ತಣಿಯಿತು. ನಾಲ್ಕು ಗಂಟೆಗೆ ಎದ್ದು ಕೂತರು, ಆರಕ್ಕೆ ಬಿಸಿಲು ಇಳಿದ ಮೇಲೆ ಸೈಕಲ್ ತಳ್ಳಿಕೊಂಡು ದಂಡೆಗೆ ನಡೆದೆವು. ಬಟ್ಟೆಯ ಸಮೇತ ನೀರಿನಲ್ಲಿ ಕೂತರು. ಮರುದಿನ ದಂಡೆಯ ದಾರಿಯಲ್ಲಿ ನಿಧಾನವಾಗಿ ಬಂದು ದೋಣಿ ಹತ್ತಿದೆವು. ಕಾರಿನಲ್ಲಿ ಗಿರಿಜಕ್ಕ ಎಂದಿನಂತೆಯೇ ಮಾತಾಡಿದರು. ಕ್ಲಿನಿಕ್ಕಿನ ಸುದ್ದಿ, ಮಗನ ಹೊಸ ಕೆಲಸ, ನನ್ನ ಡ್ರೈವಿಂಗ್ ಬಗ್ಗೆ ಒಂದೆರಡು ಚುಚ್ಚು ಮಾತು. ಆ ವಿಷಯ ಎತ್ತಲಿಲ್ಲ.

ಎರಡು ದಿನ ಕಳೆದು ಸೈಕಲ್ ಗುಂಪಿಗೆ ಅವರ ಮೆಸೇಜ್ ಬಂತು. "ಬಿಸಿಲಿಗೆ ನಾ ಬಿದ್ದೆ. ನೀರು ಮುಗಿದಿತ್ತು. ಸುಮಾ ಎರಡು ಸಲ ಎಂಟೆಂಟು ಮೈಲಿ ತುಳಿದು ನೀರು ತಂದಳು." ಹದಿನೈದು ನಿಮಿಷದಲ್ಲಿ ಕೈಮುಗಿದ ಚಿತ್ರಗಳು, ಹೃದಯಗಳು, "ಸುಮಾ ಆಂಟಿ ಸೂಪರ್" ಎಂಬ ಮಾತುಗಳು ಬಂದು ಬಿದ್ದವು. ನಾನು ಫೋನ್ ಮಾಡಿದೆ.

"ಯಾಕೆ ಗಿರಿಜಕ್ಕ, ಅಷ್ಟೇ ಬರೆದ್ರಿ?"

"ನನ್ನ ಪಾಲಿಂದು ನಾ ಬರದೆ" ಎಂದರು. "ಉಳಿದಿದ್ದು ನಿಂದು. ಬರೀತಿಯೋ ಬಿಡ್ತಿಯೋ."

ಅವತ್ತು ಮೂರು ಸಲ ಟೈಪ್ ಮಾಡಿ ಅಳಿಸಿದೆ. ಈಗಲೂ ನಾವು ಜೊತೆಗೇ ಸೈಕಲ್ ತುಳಿಯುತ್ತೇವೆ. ಯಾರಾದರೂ ಹೊಸಬರು ಗುಂಪಿಗೆ ಸೇರಿದರೆ ಉಳಿದವರು ಆ ಹದಿನಾರು ಮೈಲಿಯ ಕಥೆ ಹೇಳುತ್ತಾರೆ. ಗಿರಿಜಕ್ಕ ಅಲ್ಲೇ ಇದ್ದರೂ ಸುಮ್ಮನೆ ಕೇಳುತ್ತಾರೆ, ನನ್ನ ಕಡೆ ನೋಡುವುದಿಲ್ಲ. ಅವರು ನೋಡದೆ ಇರುವುದೇ ನನಗೆ ಕಷ್ಟ.

ಮೊದಲ ಎಂಟು ಮೈಲಿ ನನ್ನ ಅಭ್ಯಾಸದಿಂದ ಆದದ್ದು. ಎರಡನೆಯ ಎಂಟು ಮೈಲಿ, ಮತ್ತು ಅಷ್ಟು ಹೊತ್ತು ಅವರು ಆ ಕಾದ ಕಲ್ಲಿನ ಮೇಲೆ ಮಲಗಿದ್ದದ್ದು, ನಾನು ಗೂಟ ಎಣಿಸುತ್ತ ಬಾಯಿ ಮುಚ್ಚಿಕೊಂಡಿದ್ದರಿಂದ ಆದದ್ದು. ಈ ಬರಹವನ್ನು ಮೊದಲು ನಮ್ಮ ಸೈಕಲ್ ಗುಂಪಿಗೆ ಕಳಿಸಿ, ಆಮೇಲೆ ನಿಮ್ಮ ಪತ್ರಿಕೆಗೆ ಕಳಿಸುತ್ತಿದ್ದೇನೆ.